ಅಲ್ಸಾಸ್ ದ್ರಾಕ್ಷಿತೋಟಗಳ ಸೈಕಲ್ ಹಾದಿ: ಎಲ್ಲ ಋತುಗಳಲ್ಲೂ ತುಳಿದ ಮೇಲಿನ ವಿಮರ್ಶೆ

ಫ್ರಾನ್ಸಿನ ಪೂರ್ವದಂಚಿನಲ್ಲಿ, ವೋಜ್ ಬೆಟ್ಟಸಾಲಿನ ಬುಡಕ್ಕೆ ಅಂಟಿಕೊಂಡು, ಮಾರ್ಲೆನ್‌ಹೈಮ್‌ನಿಂದ ಥಾನ್‌ವರೆಗೆ ಸುಮಾರು 130 ಕಿ.ಮೀ. ಸಾಗುವ ಹಾದಿ ಇದು. ಹೆಸರು ‘ವೆಲೋರೂಟ್ ದ್ಯು ವಿನ್ಯೋಬ್ಲ್’. 1953ರಲ್ಲಿ ಶುರುವಾದ ಕಾರಿನವರ ‘ವೈನ್ ರಸ್ತೆ’ ಬೇರೆ, ಇದು ಬೇರೆ. ಊರುಗಳು ಹೆಚ್ಚುಕಡಿಮೆ ಅವೇ. ಆದರೆ ಸೈಕಲ್ ಹಾದಿ ಬಹುಪಾಲು ತೋಟದ ಟ್ರ್ಯಾಕ್ಟರ್ ದಾರಿಗಳಲ್ಲೇ ನುಸುಳುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಒಂದು ಅಂಕ ಹೋಗುವುದು ಮುಖ್ಯವಾಗಿ ಊರೊಳಗಿನ ದಾರಿಫಲಕಗಳಿಂದ.

ಮೊದಲು ಏರಿನ ವಿಷಯ, ಹೆಚ್ಚಿನವರು ಲೆಕ್ಕ ತಪ್ಪುವುದು ಅಲ್ಲೇ. ನಕ್ಷೆಯಲ್ಲಿ ನೋಡಿದರೆ ಹೆಚ್ಚಿನ ಊರುಗಳು 200–300 ಮೀಟರ್ ಎತ್ತರದಲ್ಲಿವೆ, ದೊಡ್ಡ ಘಾಟಿ ಒಂದೂ ಇಲ್ಲ. ನಂದಿ ಬೆಟ್ಟ ಹತ್ತಿ ರೂಢಿಯಿರುವವರು ಇದೇನು ಮಹಾ ಅಂದುಕೊಳ್ಳುತ್ತಾರೆ. ನಂದಿಯಲ್ಲಿ ಏರು ಒಂದೇ ಸಮನೆ ಸಿಗುತ್ತದೆ, ಒಮ್ಮೆ ಲಯ ಹಿಡಿದರೆ ಮುಗಿಯಿತು. ಇಲ್ಲಿ ಇನ್ನೂರು ಮುನ್ನೂರು ಮೀಟರಿನ ಕಡಿದಾದ ಏರು, ಕೂಡಲೇ ಇಳಿಜಾರು, ತಿರುವು, ಮತ್ತೆ ಏರು. ಲಯ ಅನ್ನುವುದೇ ಕೂಡಿಬರುವುದಿಲ್ಲ. ಉನಾವೀರ್, ಜೆಲೆನ್‌ಬರ್ಗ್ ಆಸುಪಾಸಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಗಿಯರ್ ಲೆಕ್ಕ ಹೀಗಿದೆ. ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ ಅಂದುಕೊಳ್ಳಿ. ಮುಂದೆ 34, ಹಿಂದೆ 28 ಹಲ್ಲಿನ ರೋಡ್ ಬೈಕ್ ಜೋಡಣೆಯಲ್ಲಿ 35 ಮಿ.ಮೀ. ಟೈರ್ ಇದ್ದರೆ, ಪೆಡಲ್‌ನ ಒಂದು ಸುತ್ತಿಗೆ 2.6 ಮೀಟರ್ ಮುಂದಕ್ಕೆ ಹೋಗುತ್ತೀರಿ. ಶೇ. 10ರ ಏರಿನಲ್ಲಿ ನಿಮಿಷಕ್ಕೆ 60 ಸುತ್ತು ಉಳಿಸಿಕೊಳ್ಳಲು 270 ವ್ಯಾಟ್ ಮೀರಿ ಬೇಕು. ದಿನಕ್ಕೊಮ್ಮೆಯಾದರೆ ಹೇಗೋ ಆಗುತ್ತದೆ, ಇಪ್ಪತ್ತು ಸಲ ಆಗದು. ಮುಂದೆ 30, ಹಿಂದೆ 34 ಹಾಕಿಸಿದರೆ ಪೆಡಲ್‌ನ ಪ್ರತಿ ಸುತ್ತಿಗೂ 1.9 ಮೀಟರ್, ಗಂಟೆಗೆ 7 ಕಿ.ಮೀ. ವೇಗ, ಸುಮಾರು 200 ವ್ಯಾಟ್. ಮೊಣಕಾಲು ಉಳಿಯುವುದು ಇದರಲ್ಲೇ. ಕ್ಯಾಸೆಟ್ (ಹಿಂಚಕ್ರದ ಹಲ್ಲುಗಾಲಿಗಳ ಗುಚ್ಛ) ಬದಲಿಸುವ ಮುನ್ನ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಷ್ಟು ಹಲ್ಲಿನವರೆಗೆ ತಾಳುತ್ತದೆ ಎಂದು ನೋಡಿಕೊಳ್ಳಿ; ಚೈನ್‌ಗೂ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು.

ಟೈರ್ 35ರಿಂದ 40 ಮಿ.ಮೀ. ಇರಲಿ, ಗಾಳಿ 3.5 ಬಾರ್ ಸಾಕು. ದಾರಿ ಬಹುತೇಕ ಡಾಂಬರು ಇಲ್ಲವೇ ಕಾಂಕ್ರೀಟು. ಕಾಟ ಕೊಡುವುದು ಎರಡೇ. ಒಂದು, ಹಳೇ ಊರುಗಳ ಕಲ್ಲುಹಾಸು. ಅದರ ಕುಲುಕಾಟಕ್ಕೆ ಕ್ಯಾರಿಯರ್‌ನ ಎಂ5 (5 ಮಿ.ಮೀ.) ಬೋಲ್ಟುಗಳು ಸಡಿಲವಾಗುತ್ತವೆ. ಹೊರಡುವ ಮುನ್ನ ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿ ಬಿಗಿ ಮಾಡಿ, ದಿನಾ ಸಂಜೆ ಅಲೆನ್ ಕೀ ಇಟ್ಟು ನೋಡಿ. ಎರಡು, ತೋಟದ ದಾರಿಗೆ ಅಡ್ಡಲಾಗಿರುವ ಮಳೆನೀರಿನ ಕಾಲುವೆಗಳು. ಇಳಿಜಾರಿನ ತಿರುವು ಮುಗಿದ ಕೂಡಲೇ ಎದುರಾಗುತ್ತವೆ. ಓರೆಯಾಗಿ ದಾಟಿದರೆ ಮುಂದಿನ ಚಕ್ರ ಜಾರುತ್ತದೆ, ವೇಗದಲ್ಲಿ ನೇರ ಹೊಡೆದರೆ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಬ್ರೇಕ್ ಮೊದಲೇ ಹಿಡಿದು, ಕಾಲುವೆ ಬರುವ ಹೊತ್ತಿಗೆ ಬಿಟ್ಟು, ಸೀಟಿನಿಂದ ಎದ್ದು ನೇರವಾಗಿ ದಾಟಿ.

ಮುಂಚಿತವಾಗಿ ಯೋಚಿಸಬೇಕಾದದ್ದು ತಿಂಗಳು. ಚಳಿಗಾಲದ ಕೊನೆಯಿಂದ ಮಾರ್ಚ್‌ವರೆಗೆ ಬಳ್ಳಿ ಸವರುವ ಕೆಲಸ. ಸವರಿದ ಕಡ್ಡಿಗಳು ದಾರಿಯಲ್ಲೇ ಬಿದ್ದಿರುತ್ತವೆ. ಒಂದು ಕಡ್ಡಿ ಚಕ್ರದ ಕಡ್ಡಿಗಳೊಳಗೆ ಸಿಕ್ಕಿ ಸುತ್ತಿದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಆ ಚಿಕ್ಕ ಅಲ್ಯೂಮಿನಿಯಂ ತುಂಡು ಪ್ರತಿ ಫ್ರೇಮಿಗೂ ಬೇರೆ ಬೇರೆ, ಹಳ್ಳಿಯಲ್ಲಿ ಸಿಗದು, ಒಂದು ಜೊತೆಗಿರಲಿ. ಮೇ ಕೊನೆಯಿಂದ ಜುಲೈವರೆಗೆ ಔಷಧಿ ಸಿಂಪಡಣೆ. ಎತ್ತರದ ಕಾಲುಗಳ ಟ್ರ್ಯಾಕ್ಟರು ಸಾಲಿನ ಮೇಲೆ ಬರುತ್ತಿದ್ದರೆ ಗಾಳಿ ಎತ್ತ ಬೀಸುತ್ತಿದೆ ನೋಡಿ ನಿಂತುಬಿಡಿ. ಗುಡುಗು ಮಳೆ ಸುರಿದ ಮಾರನೆಯ ದಿನ ಗುಡ್ಡದ ನುಣುಪು ಮಣ್ಣು ಕೊಚ್ಚಿಬಂದು ದಾರಿಯ ಮೇಲೆ ಪದರವಾಗಿರುತ್ತದೆ. ಮಡ್‌ಗಾರ್ಡ್ ಮತ್ತು ಟೈರ್ ನಡುವೆ ಕಿರುಬೆರಳು ಹೋಗುವಷ್ಟಾದರೂ ಸಂದು ಇಲ್ಲದಿದ್ದರೆ ಚಕ್ರ ಕಚ್ಚಿಕೊಳ್ಳುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೊಯ್ಲು. ನೋಡಲು ಚೆಂದ, ಸವಾರಿಗೆ ಅಲ್ಲ: ಟ್ರೇಲರ್‌ಗಳಿಂದ ಸೋರಿದ ರಸಕ್ಕೆ ದಾರಿ ಜಾರುತ್ತದೆ, ಕೆಲವು ಊರುಗಳು ತೋಟದ ದಾರಿಯನ್ನು ಆ ದಿನಗಳಲ್ಲಿ ಹೊರಗಿನವರಿಗೆ ಮುಚ್ಚುತ್ತವೆ. ಒಳ್ಳೆಯ ಕಾಲ ಏಪ್ರಿಲ್ ಕೊನೆ, ಮೇ ಮೊದಲ ಮೂರು ವಾರ. ವೋಜ್ ಬೆಟ್ಟ ಪಶ್ಚಿಮದ ಮಳೆಯನ್ನು ತಡೆಯುವುದರಿಂದ ಕೋಲ್ಮಾರ್ ಫ್ರಾನ್ಸಿನ ಅತಿ ಕಡಿಮೆ ಮಳೆಯ ನಗರಗಳಲ್ಲೊಂದು. ಅದೇ ಕಾರಣಕ್ಕೆ ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನ ಬೇಯುತ್ತದೆ, ತೋಟದ ನಡುವೆ ನೆರಳಿಗೆ ಮರವೇ ಇಲ್ಲ.

ಮಾರ್ಲೆನ್‌ಹೈಮ್ ಬಿಟ್ಟು ಮೋಲ್ಸ್‌ಹೈಮ್‌ನಿಂದ ಹೊರಟು, ಮೂರು ದಿನ ಇಟ್ಟುಕೊಂಡರೆ ಆರಾಮ: ಮೋಲ್ಸ್‌ಹೈಮ್–ದಾಂಬಾಖ್, ದಾಂಬಾಖ್–ಟರ್ಕ್‌ಹೈಮ್, ಟರ್ಕ್‌ಹೈಮ್–ಥಾನ್. ದಿನಕ್ಕೆ 35ರಿಂದ 50 ಕಿ.ಮೀ. ಇದೇ ಹಾದಿಯ ಜನಪ್ರಿಯ ಊರುಗಳಾದ ರಿಕ್‌ವೀರ್, ಕೇಸರ್ಸ್‌ಬೆರ್ಗ್, ಎಗಿಸ್‌ಹೈಮ್‌ಗಳನ್ನು ಬೆಳಗ್ಗೆ ಹತ್ತರೊಳಗೆ ದಾಟಿಬಿಡಿ. ಆಮೇಲೆ ಪ್ರವಾಸಿ ಬಸ್ಸುಗಳು ಬಂದು ಸೈಕಲ್ ತಳ್ಳಿಕೊಂಡು ಹೋಗುವ ಪಾಡು. ನಿಶ್ಶಬ್ದ ಬೇಕಿದ್ದರೆ ಇಟ್ಟರ್ಸ್‌ವಿಲ್ಲರ್, ನೋಥಾಲ್ಟೆನ್, ಬ್ಲೀನ್ಶ್‌ವಿಲ್ಲರ್ ಕಡೆಯ ತುಂಡು, ಮತ್ತು ರೂಫಾಖ್‌ನಿಂದ ತೆಂಕಣದ ವೆಸ್ಟ್‌ಹಾಲ್ಟೆನ್, ಓರ್ಶ್‌ವೀರ್, ಬೆರ್ಗ್‌ಹೋಲ್ಟ್ಸ್. ಪ್ರಚಾರ ಪುಸ್ತಿಕೆಗಳು ಈ ದಕ್ಷಿಣ ಭಾಗಕ್ಕೆ ಅರ್ಧ ಪುಟವೂ ಕೊಡುವುದಿಲ್ಲ, ಅದೇ ನಮ್ಮ ಪುಣ್ಯ.

ಹಸಿರು ಅಕ್ಷರದ ಫಲಕಗಳು ಹೊರಗೆ ಸರಿಯಾಗಿವೆ, ಊರೊಳಗೆ ಏಕಮುಖ ರಸ್ತೆ ಬಂದ ಕೂಡಲೇ ಮಾಯ. ಹಾದಿಯ ಜಿಪಿಎಕ್ಸ್ ಫೈಲನ್ನು (ಫೋನ್ ನಕ್ಷೆಯಲ್ಲಿ ತೆರೆಯುವ ದಾರಿಯ ಗುರುತು) ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಯೂರೋಪಿನ ದೂರದ ಸೈಕಲ್ ಮಾರ್ಗಗಳಲ್ಲೊಂದಾದ ಯೂರೋವೆಲೋ 5ರ ಫಲಕವೂ ಹಲವೆಡೆ ಜೊತೆಗಿರುತ್ತದೆ. ಅದನ್ನೇ ನಂಬಿ ಹೋದರೆ ಕೆಲವು ಕಡೆ ಬಯಲಿಗೆ ಇಳಿದುಬಿಡುತ್ತೀರಿ.

ನೀರು, ಊಟ: ಊರಿನ ಚಿಲುಮೆಗಳ ಮೇಲೆ ‘ಓ ನೋ ಪೊತಾಬ್ಲ್’ ಎಂದಿದ್ದರೆ ಕುಡಿಯಬೇಡಿ. ಸ್ಮಶಾನದ ನಲ್ಲಿಗಳಲ್ಲಿ ಸಾಮಾನ್ಯವಾಗಿ ಊರಿನ ನೀರೇ ಬರುತ್ತದೆ, ಅಲ್ಲೂ ಫಲಕ ನೋಡಿ ತುಂಬಿಸಿಕೊಳ್ಳಿ. ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ, ಜರ್ಮನ್ ಕಾಲದಿಂದ ಉಳಿದ ಸ್ಥಳೀಯ ಕಾನೂನು, ಶನಿವಾರವೇ ಕೊಂಡಿಡಿ. ಸಸ್ಯಾಹಾರಿಗಳು ಫ್ಲಾಮ್‌ಕೂಶ್ (ಕ್ರೀಮ್, ಈರುಳ್ಳಿ ಹರಡಿ ಬೇಯಿಸಿದ ತೆಳು ರೊಟ್ಟಿ) ಕೇಳುವಾಗ ‘ಸಾಂ ಲಾರ್ದೋಂ’ ಎನ್ನಿ, ಇಲ್ಲವಾದರೆ ಹಂದಿಮಾಂಸದ ಚೂರು ಹಾಕಿಯೇ ತರುತ್ತಾರೆ.

ವೈನ್ ಕೊಳ್ಳುವವರಿಗೆ ಎರಡು ಮಾತು. ರಕ್ತದ ಲೀಟರಿಗೆ 0.5 ಗ್ರಾಂ ಮದ್ಯದ ಮಿತಿ ಫ್ರಾನ್ಸಿನಲ್ಲಿ ಸೈಕಲ್ ಸವಾರರಿಗೂ ಅನ್ವಯ. ಅಲ್ಸಾಸ್‌ನ ಬಾಟಲಿ ಉದ್ದ, ತೆಳು. ತುಂಬಿದ್ದು ಒಂದೂಕಾಲು ಕಿಲೋದಷ್ಟು ತೂಗುತ್ತದೆ. ಪ್ಯಾನಿಯರ್‌ನಲ್ಲಿ (ಕ್ಯಾರಿಯರ್ ಬದಿಗೆ ತೂಗುವ ಚೀಲ) ಬಟ್ಟೆ ಸುತ್ತಿ, ತಳ ಮುಟ್ಟಿಸಿ, ಎರಡೂ ಬದಿಗೆ ಸಮ ಹಂಚಿ. ಆರು ಬಾಟಲಿ ಅಂದರೆ ಏಳೆಂಟು ಕಿಲೋ, ಮೇಲಿನ ಗಿಯರ್ ಲೆಕ್ಕ ಮತ್ತೆ ಹಾಕಬೇಕಾಗುತ್ತದೆ.

ತಲುಪುವುದು ಸುಲಭ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹ ಕಡೆಯ ಕನ್ನಡಿಗರಿಗೆ ಜರ್ಮನಿಯ ಸ್ಥಳೀಯ ರೈಲುಗಳ ತಿಂಗಳ ಪಾಸಾದ ಡಾಯ್ಚ್‌ಲಾಂಡ್ ಟಿಕೆಟ್ ಗಡಿಯ ಊರಾದ ಕೇಲ್ ನಿಲ್ದಾಣದವರೆಗೆ ನಡೆಯುತ್ತದೆ, ಸೈಕಲ್ ಅದರಲ್ಲಿ ಸೇರಿಲ್ಲ. ಅಲ್ಲಿಂದ ರೈನ್ ಮೇಲಿನ ಕಾಲುಸೇತುವೆ ದಾಟಿ ಸ್ಟ್ರಾಸ್‌ಬರ್ಗ್, ಮುಂದೆ ಬ್ರೂಶ್ ಕಾಲುವೆಯ ದಂಡೆ ಹಿಡಿದರೆ ಮೋಲ್ಸ್‌ಹೈಮ್‌ವರೆಗೆ ಸಮತಟ್ಟು. ವಾಪಸಿಗೆ ಥಾನ್‌ನಿಂದ ಮುಲೂಸ್‌ಗೆ ಟ್ರ್ಯಾಮ್-ಟ್ರೇನ್ ಇದೆ, ಅಲ್ಲಿಂದ ಸ್ಟ್ರಾಸ್‌ಬರ್ಗ್‌ಗೆ ಟಿಇಆರ್ ಎಂಬ ಪ್ರಾದೇಶಿಕ ರೈಲು. ಕೆಲಸದ ದಿನಗಳ ಬೆಳಗ್ಗೆ, ಸಂಜೆ ಆ ಮಾರ್ಗದ ಕೆಲವು ಗಾಡಿಗಳಿಗೆ ಸೈಕಲ್ ಹತ್ತಿಸಿಕೊಳ್ಳುವುದಿಲ್ಲ. ಟಿಕೆಟ್ ತೆಗೆಯುವ ಮುನ್ನ ವೇಳಾಪಟ್ಟಿಯಲ್ಲಿ ಸೈಕಲ್ ಚಿಹ್ನೆ ಇದೆಯೇ ನೋಡಿ, ಆಗದಿದ್ದರೆ ಮಧ್ಯಾಹ್ನದ ಗಾಡಿ ಹಿಡಿಯಿರಿ.