ಕ್ರ್ಯಾಬ್ ಕೇಕ್: ಕಾವಲಿಯಲ್ಲಿ ಒಡೆಯಬಾರದು, ಬಾಯಲ್ಲಿ ಒಡೆಯಬೇಕು

ಕ್ರ್ಯಾಬ್ ಕೇಕ್ ಅಂದರೆ ಏಡಿಯ ಮಾಂಸವನ್ನು ಉಂಡೆ ಕಟ್ಟಿ ಬೇಯಿಸುವ ತಿನಿಸು. ಮೊದಲನೇ ಸಲ ನಾನು ಮಾಡಿದ್ದು ಕ್ರ್ಯಾಬ್ ಕೇಕ್ ಅಲ್ಲ, ಏಡಿ ಬುರ್ಜಿ. ಕಾವಲಿಯ ಮೇಲೆ ನಾಲ್ಕು ಉಂಡೆ ಚೆಂದವಾಗಿ ಕೂತಿದ್ದವು. ಮಗುಚೋಣ ಅಂತ ಸಟ್ಟುಗ ತೂರಿಸಿದ್ದೇ ತಡ, ಒಂದೊಂದೂ ಮೂರು ಮೂರು ಹೋಳಾಯಿತು. ಊಟಕ್ಕೆ ಬಂದವರು ಆಗಲೇ ಕೈ ತೊಳೆದು ಕೂತಿದ್ದರು. ಬ್ರೆಡ್ಡಿನ ಮೇಲೆ ಹರಡಿ, ಇದು ಇರೋದೇ ಹೀಗೆ ಅನ್ನುವ ಮುಖ ಮಾಡಿ ಕೊಟ್ಟೆ. ಎರಡನೇ ಸಲ ಹೆದರಿ ಬ್ರೆಡ್ ಪುಡಿ ಜಾಸ್ತಿ ಸುರಿದೆ. ಆಗ ಒಡೆಯಲಿಲ್ಲ. ಆದರೆ ರೈಲಿನಲ್ಲಿ ಮಾರುವ ಕಟ್ಲೆಟ್ ತಿಂದ ಹಾಗಿತ್ತು.

ನಾವಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಬಾಲ್ಟಿಮೋರಿಗೆ ಅರ್ಧ ಗಂಟೆ ದಾರಿ. ಚೆಸಾಪೀಕ್ ಕೊಲ್ಲಿ ಹತ್ತಿರವೇ. ಇಲ್ಲಿಯವರಿಗೆ ಕ್ರ್ಯಾಬ್ ಕೇಕ್ ಅಂದರೆ ನಮ್ಮ ಕಡೆಯ ಕೋಳಿ ಸಾರು ಇದ್ದ ಹಾಗೆ. ಪ್ರತಿಯೊಬ್ಬರಿಗೂ ತಮ್ಮ ಅಜ್ಜಿ ಮಾಡುತ್ತಿದ್ದದ್ದೇ ಸರಿ, ಉಳಿದದ್ದೆಲ್ಲ ತಪ್ಪು. ನಾನು ಉಡುಪಿ ಕಡೆಯವನು, ಏಡಿ ಹೊಸದಲ್ಲ. ಅಮ್ಮನ ತುಳುವಿನಲ್ಲಿ ಅದು ಡೆಂಜಿ. ಆದರೆ ನಮ್ಮಲ್ಲಿ ಅದನ್ನು ಚಿಪ್ಪಿನ ಸಮೇತ ಮಸಾಲೆಯಲ್ಲಿ ಬೇಯಿಸಿ, ಕಾಲು ಕಚ್ಚಿ ಚೀಪಿ ತಿನ್ನುವುದು. ಇಲ್ಲಿ ಪೂರ್ತಿ ಉಲ್ಟಾ. ಚಿಪ್ಪೂ ಇಲ್ಲ, ಮಸಾಲೆಯೂ ಹೆಚ್ಚಿಲ್ಲ. ಬರೀ ಮಾಂಸ, ಅದನ್ನು ಹಿಡಿದಿಡುವಷ್ಟು ಏನೋ ಒಂದಿಷ್ಟು. ಅದಕ್ಕೇ ಹಟ ಹಿಡಿದು ಕಳೆದ ಬೇಸಿಗೆಯಲ್ಲಿ ಬೇರೆ ಬೇರೆ ಬಗೆಯ ಕೇಕ್ ಒಂದರ ಪಕ್ಕ ಒಂದಿಟ್ಟು ಮಾಡಿ ನೋಡಿದೆ.

ಮೊದಲ ಜಗಳ ಮಾಂಸದ್ದೇ. ಇಲ್ಲಿಯ ಏಡಿ ಬ್ಲೂ ಕ್ರ್ಯಾಬ್. ವಿಜ್ಞಾನದಲ್ಲಿ ಅದರ ಹೆಸರು ಕ್ಯಾಲಿನೆಕ್ಟೆಸ್ ಸ್ಯಾಪಿಡಸ್, ಅಂದರೆ ರುಚಿಯಾದ ಸುಂದರ ಈಜುಗಾರ. ಅದರ ಕೊನೆಯ ಜೋಡಿ ಕಾಲುಗಳು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ಆ ಕಾಲು ಆಡಿಸುವ ಎರಡು ದಪ್ಪ ಸ್ನಾಯುಗಳೇ ಜಂಬೋ ಲಂಪ್. ಒಂದು ಏಡಿಗೆ ಎರಡೇ ತುಂಡು, ಆದ್ದರಿಂದ ದುಬಾರಿ. ಅದರ ಕೆಳಗೆ ಲಂಪ್, ಬ್ಯಾಕ್‌ಫಿನ್, ಸ್ಪೆಷಲ್ ಅಂತ ಇಳಿಯುತ್ತಾ ಬರುತ್ತದೆ. ಕೊನೆಗೆ ಕ್ಲಾ, ಅಂದರೆ ಕೊಂಡಿಯ ಮಾಂಸ. ಅದು ಸ್ವಲ್ಪ ಕಂದು ಬಣ್ಣ.

ಒಂದೇ ದಿನ, ಒಂದೇ ಅಂಗಡಿಯಲ್ಲಿ, 454 ಗ್ರಾಂನ ಎರಡು ಡಬ್ಬ ತಂದೆ. ಜಂಬೋ ಲಂಪಿಗೆ 46 ಡಾಲರ್, ಕ್ಲಾಗೆ 21. ಬಿಲ್ ನೋಡಿ ಹೆಂಡತಿ ಏನೂ ಹೇಳಲಿಲ್ಲ. ಅದೇ ಜಾಸ್ತಿ ಭಯ ಹುಟ್ಟಿಸಿತು.

ಬರೀ ಜಂಬೋ ಲಂಪಿನ ಕೇಕ್ ನೋಡಲು ಮಲ್ಲಿಗೆ ರಾಶಿ. ಬಾಯಿಗೆ ಸಿಹಿ, ಮೆತ್ತಗೆ. ಆದರೆ ನಿಲ್ಲುವುದಿಲ್ಲ. ಮಣ್ಣಿಲ್ಲದೆ ಬರೀ ದಪ್ಪ ಕಲ್ಲು ಪೇರಿಸಿ ಗೋಡೆ ಕಟ್ಟಿದ ಹಾಗೆ, ತುಂಡು ತುಂಡಿಗೆ ಅಂಟುವ ಜಾಗವೇ ಕಡಿಮೆ. ಕ್ಲಾ ಮಾಂಸದ ಕೇಕ್ ಕಣ್ಣಿಗೆ ಸಾಧಾರಣ. ಸಣ್ಣ ಎಳೆ ಎಳೆ ಇರುವುದರಿಂದ ತಾನೇ ಹಿಡಿದುಕೊಳ್ಳುತ್ತದೆ. ಏಡಿಯ ವಾಸನೆ, ರುಚಿ ಎರಡೂ ಇದರಲ್ಲೇ ಗಟ್ಟಿ. ಡೆಂಜಿ ಸುಕ್ಕ ತಿಂದು ಬೆಳೆದ ನಾಲಿಗೆಗೆ ಕ್ಲಾನೇ ಗೆದ್ದಿತು, ಮುಚ್ಚಿಡುವುದೇನು. ಈಗ ನಾನು ಮಾಡುವುದು ಎರಡು ಪಾಲು ಲಂಪ್, ಒಂದು ಪಾಲು ಕ್ಲಾ. ಇದನ್ನು ಕೇಳಿ ಪಕ್ಕದ ಮನೆಯ ಯಜಮಾನರು ತುಂಬಾ ಬೇಜಾರು ಮಾಡಿಕೊಂಡರು. ಚಿಕ್ಕಂದಿನಿಂದ ದಾರಕ್ಕೆ ಕೋಳಿ ಕುತ್ತಿಗೆ ಕಟ್ಟಿ ಏಡಿ ಹಿಡಿದವರು ಅವರು.

ಡಬ್ಬ ಕೊಳ್ಳುವವರು ಹಿಂದಿನ ಸಣ್ಣ ಅಕ್ಷರ ಓದಿ. ಮುಂದೆ ಮೇರಿಲ್ಯಾಂಡ್ ಶೈಲಿ ಅಂತ ಇರುತ್ತದೆ, ಹಿಂದೆ ಇಂಡೋನೇಷ್ಯಾ ಅಂತ ಇರುತ್ತದೆ. ಅದು ಪಾಶ್ಚರೀಕರಿಸಿದ ಮಾಂಸ, ಬಹಳ ಸಲ ಬೇರೆಯೇ ಜಾತಿಯ ಏಡಿ, ನಮ್ಮ ಮಲ್ಪೆಯಲ್ಲಿ ಸಿಗುವ ನೀಲಿ ಈಜು ಏಡಿಯ ಬಳಗ. ಕೆಟ್ಟದ್ದೇನಲ್ಲ, ಡಬ್ಬ ತೆರೆಯದಿದ್ದರೆ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಆದರೆ ರುಚಿ ಸಪ್ಪೆ, ಸ್ವಲ್ಪ ಡಬ್ಬದ ವಾಸನೆ. ಹತ್ತು ನಿಮಿಷ ಹಾಲಿನಲ್ಲಿ ನೆನೆಸಿ ಸೋಸಿದರೆ ವಾಸನೆ ಇಳಿಯುತ್ತದೆ. ಚಳಿಗಾಲದಲ್ಲಿ ಇಲ್ಲಿಯ ತಾಜಾ ಮಾಂಸ ಸಿಗದಾಗ ಇದೇ ಗತಿ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮೂರನೇ ಸ್ಪರ್ಧಿಯನ್ನೂ ಇಳಿಸಿದೆ. ಮಲ್ಪೆಯಿಂದ ಎರಡು ಕಿಲೋ ಏಡಿ ತಂದು, ಹಬೆಯಲ್ಲಿ ಬೇಯಿಸಿ, ನಾನೇ ಬಿಡಿಸಿದೆ. ಮೂರು ಗಂಟೆ ಹಿಡಿಯಿತು. ಸಿಕ್ಕಿದ್ದು 400 ಗ್ರಾಂ ಚಿಲ್ಲರೆ. ಸಾರು ಮಾಡಿದ್ದರೆ ಇಷ್ಟೊತ್ತಿಗೆ ಉಂಡು ಮಲಗಬಹುದಿತ್ತು ಅಂತ ಅಮ್ಮ ಎರಡು ಸಲ ಅಡುಗೆಮನೆಗೆ ಬಂದು ಹೇಳಿ ಹೋದರು. ನಿಜ ಹೇಳಬೇಕೆಂದರೆ, ರುಚಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಂತಿದ್ದು ಇದೇ. ಇನ್ನೊಂದು ಸಲ ಮಾಡುತ್ತೇನಾ? ಇಲ್ಲ.

ಮಾಂಸ ಯಾವುದೇ ಇರಲಿ, ಚಿಪ್ಪಿನ ಚೂರು ಇದ್ದೇ ಇರುತ್ತದೆ. ಕೈಯಲ್ಲಿ ಹಿಚುಕಿ ಹುಡುಕಿದರೆ ತುಂಡುಗಳೆಲ್ಲ ಪುಡಿ. ಸ್ಟೀಲ್ ತಟ್ಟೆಯ ಮೇಲೆ ಸ್ವಲ್ಪ ಸ್ವಲ್ಪವೇ ಉದುರಿಸಿ. ಮಾಂಸ ಸದ್ದಿಲ್ಲದೆ ಬೀಳುತ್ತದೆ, ಚಿಪ್ಪು ಟಿಕ್ ಅನ್ನುತ್ತದೆ. ಟಿವಿ ಆರಿಸಿ ಕೂರಬೇಕು ಅಷ್ಟೇ.

ಇನ್ನು ಅಂಟು. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ನೂರು ನೂರು ಗ್ರಾಂ ಮಾಂಸ ತೆಗೆದು ಐದು ಬಗೆಯಲ್ಲಿ ಕಟ್ಟಿದೆ. ಆಲೂಗಡ್ಡೆ ಮೊದಲ ಸುತ್ತಿನಲ್ಲೇ ಔಟ್. ಕಲ್ಲಿನ ಹಾಗೆ ನಿಂತಿತು, ಆದರೆ ಏಡಿ ಎಲ್ಲಿ ಅಂತ ಹುಡುಕಬೇಕು. ಪ್ಯಾಂಕೋ, ಅಂದರೆ ಜಪಾನಿನ ದಪ್ಪ ಬ್ರೆಡ್ ಪುಡಿ, ಒಳಗೆ ಹಾಕಿದರೆ ನೆನೆದು ಹಿಟ್ಟಾಯಿತು. ಹೊರಗೆ ಹೊದಿಸಿದರೆ ಗರಿಗರಿ, ಅದು ಬೇರೆ ಮಾತು. ಹಾಲಿನಲ್ಲಿ ನೆನೆಸಿದ ಬ್ರೆಡ್ ಪರವಾಗಿಲ್ಲ, ತುಂಬಾ ಮೃದು. ಆದರೆ ಹಾಲು ಒಂದು ಚಮಚ ಜಾಸ್ತಿಯಾದರೂ ಪಾಯಸ.

ಕೊನೆಗೆ ಉಳಿದದ್ದು ಎರಡು. ಒಂದು, ಇಲ್ಲಿಯವರು ಹಳೆಯ ಕಾಲದಿಂದ ಹಾಕುವ ಸಾಲ್ಟೀನ್, ನಮ್ಮ ಉಪ್ಪು ಬಿಸ್ಕತ್ತಿನ ಹಾಗಿನ ತೆಳು ಕ್ರ್ಯಾಕರ್. ಇನ್ನೊಂದು, ಹಸಿ ಸಿಗಡಿಯನ್ನು ಚಿಟಿಕೆ ಉಪ್ಪು ಹಾಕಿ ನುಣ್ಣಗೆ ರುಬ್ಬಿದ್ದು. ಉಪ್ಪು ತಗುಲಿದ ಸಿಗಡಿ ಅಂಟಂಟಾಗುತ್ತದೆ, ಬಿಸಿಗೆ ಗಟ್ಟಿಯಾಗಿ ಏಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೆಡ್ಡೇ ಬೇಡ. ಹಿಡಿತದಲ್ಲಿ ಸಿಗಡಿಯದ್ದೇ ಮೇಲುಗೈ. ಆದರೆ ಕಚ್ಚಿದಾಗ ಸಣ್ಣಗೆ ರಬ್ಬರಿನ ಎಳೆತ, ಏಡಿಯ ಸಿಹಿ ಜೊತೆ ಸಿಗಡಿಯ ಸಿಹಿ ಕಲಸಿಹೋಗುತ್ತದೆ. ನನ್ನ ಓಟು ಸಾಲ್ಟೀನಿಗೆ. ಬಾಯಿಗೆ ಹೋದ ತಕ್ಷಣ ಕೇಕ್ ಬಿಟ್ಟುಕೊಳ್ಳಬೇಕು ಅಲ್ವಾ? ಸಾಲ್ಟೀನ್ ಮಾತ್ರ ಹಾಗೆ ಬಿಡುತ್ತದೆ.

ನನ್ನ ಅಳತೆ ಹೀಗೆ. ಒಂದು ಡಬ್ಬ ಮಾಂಸಕ್ಕೆ ಒಂದು ಮೊಟ್ಟೆ, ಕಾಲು ಕಪ್ ಮಯೊನೇಸ್, ಒಂದು ಚಮಚ ಸಾಸಿವೆ ಪೇಸ್ಟ್, ಒಂದು ಚಮಚ ವೂಸ್ಟರ್‌ಶೈರ್ ಸಾಸ್, ಅರ್ಧ ನಿಂಬೆ, ಹತ್ತು ಸಾಲ್ಟೀನ್ ಪುಡಿ. ಮೊದಲು ಇದೆಲ್ಲ ಕಲಸಿ, ಆಮೇಲೆ ಏಡಿ ಹಾಕಿ ಬೆರಳಲ್ಲಿ ಮೆಲ್ಲಗೆ ಮಗುಚುವುದು. ಎರಡನೇ ಮೊಟ್ಟೆ ಹಾಕಿದರೆ ಆಮ್ಲೆಟ್ ಆಗುತ್ತದೆ. ಐದು ಉಂಡೆ ಮಾಡಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಆ ಹೊತ್ತಿನಲ್ಲಿ ಬಿಸ್ಕತ್ತು ನೀರು ಹೀರಿಕೊಂಡು ಉಬ್ಬುತ್ತದೆ, ಉಂಡೆ ಬಿಗಿಯಾಗುತ್ತದೆ. ನನ್ನ ಮೊದಲ ಬುರ್ಜಿಗೆ ಕಾರಣ ಈ ಒಂದು ಗಂಟೆ ಇಡದೇ ಹೋದದ್ದು.

ಮಸಾಲೆಯಲ್ಲಿ ಇಲ್ಲಿಯವರಿಗೆ ಎರಡನೇ ಮಾತಿಲ್ಲ, ಓಲ್ಡ್ ಬೇ. ಹಳದಿ ಡಬ್ಬ. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಬಾಲ್ಟಿಮೋರಿಗೆ ಬಂದ ಯಹೂದಿ ವ್ಯಾಪಾರಿ ಗುಸ್ತಾವ್ ಬ್ರನ್ ಮಾಡಿದ ಮಿಶ್ರಣ ಅದು. ಸೆಲರಿ ಉಪ್ಪು, ಪ್ಯಾಪ್ರಿಕಾ ಅನ್ನುವ ಖಾರ ಕಡಿಮೆಯ ಕೆಂಪು ಪುಡಿ, ಮೆಣಸು ಮುಂದೆ, ಉಳಿದದ್ದು ಹಿಂದೆ. ಒಂದು ಚಮಚ ಸಾಕು. ನಾನು ಒಮ್ಮೆ ತುಪ್ಪದ ರೋಸ್ಟಿನ ಮಸಾಲೆ ಹಾಕಿ ನೋಡಿದೆ. ತಿನ್ನಲು ಸೊಗಸು, ಆದರೆ ಒಳಗೆ ಏಡಿ ಇದ್ದರೂ ಒಂದೇ, ಪನೀರ್ ಇದ್ದರೂ ಒಂದೇ. ಊರಲ್ಲಿ ಓಲ್ಡ್ ಬೇ ಇರಲಿಲ್ಲ. ಬ್ಯಾಡಗಿ ಮೆಣಸಿನ ಪುಡಿ, ಕಾಳುಮೆಣಸು, ಸಾಸಿವೆ ಪುಡಿ ಒಂದು ಚಿಟಿಕೆ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಪ್ಯಾಪ್ರಿಕಾದ ಕೆಲಸ ಸಲೀಸಾಗಿ ಮಾಡಿತು.

ಬೇಯಿಸುವುದರಲ್ಲಿ ಏರ್ ಫ್ರೈಯರ್ ಬಗ್ಗೆ ಎರಡೇ ಮಾತು: ಒಣಗಿಸಿತು, ಬೇಡ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದೂ ಇಲ್ಲಿ ಉಂಟು. ಲೆಕ್ಸಿಂಗ್ಟನ್ ಮಾರ್ಕೆಟ್ಟಿನ ಫೇಡ್ಲೀಸ್, 1886ರಿಂದ ಇರುವ ಅಂಗಡಿ, ಅಲ್ಲಿ ಚೆಂಡಿನ ಹಾಗೆ ಉಂಡೆ ಮಾಡಿ ಕರಿದು ಕೊಡುತ್ತಾರೆ. ಅವರ ಕೈಗೆ ಅದು ಒಗ್ಗಿದೆ. ನಾನು ಕರಿದಾಗ ಒಂದು ಉಂಡೆ ಬಾಣಲೆಯಲ್ಲೇ ಬಿಚ್ಚಿಕೊಂಡು ಎಣ್ಣೆ ತುಂಬಾ ಏಡಿ ಈಜಿತು.

ನಿಜವಾದ ಪೈಪೋಟಿ ಕಾವಲಿಗೂ ಬ್ರಾಯ್ಲರಿಗೂ. ಬ್ರಾಯ್ಲರ್ ಅಂದರೆ ಮೇಲಿನಿಂದ ಮಾತ್ರ ಬೆಂಕಿ, ನಮ್ಮ ಓಟಿಜಿ ಓವನ್ನಿನ ಗ್ರಿಲ್ ಇದ್ದ ಹಾಗೆ. ಮೇಲೆ ಒಂದಿಷ್ಟು ಬೆಣ್ಣೆ ಸವರಿ, ಹತ್ತರಿಂದ ಹನ್ನೆರಡು ನಿಮಿಷ. ಮಗುಚುವ ಪ್ರಮೇಯವೇ ಇಲ್ಲ, ಆದ್ದರಿಂದ ಒಡೆಯುವ ಭಯವೂ ಇಲ್ಲ. ಅಂಟು ಎಷ್ಟು ಕಡಿಮೆ ಮಾಡಿದರೂ ನಡೆಯುತ್ತದೆ. ಕಾವಲಿಯಲ್ಲಿ ಬೆಣ್ಣೆ ಹಾಕಿ ಮಧ್ಯಮ ಉರಿಯಲ್ಲಿ ಒಂದೊಂದು ಬದಿ ನಾಲ್ಕು ನಿಮಿಷ ಸುಟ್ಟರೆ ಎರಡೂ ಕಡೆ ಕೆಂಪು ಹೊರಪದರ ಬರುತ್ತದೆ, ಅದರ ಘಮವೇ ಬೇರೆ. ಆದರೆ ನಡುವೆ ಕಾವು ಏರುವಷ್ಟರಲ್ಲಿ ತಳ ಕಪ್ಪಾಗುವುದುಂಟು. ಹಾಗಾಗಿ ಬರೀ ಲಂಪ್ ಆದರೆ ಬ್ರಾಯ್ಲರ್, ಕ್ಲಾ ಬೆರೆಸಿದ್ದಾದರೆ ಕಾವಲಿ. ಒಳಗೆ ಹಸಿ ಮೊಟ್ಟೆ ಇರುತ್ತದಲ್ಲ, ಥರ್ಮಾಮೀಟರ್ ಚುಚ್ಚಿದರೆ 74 ಡಿಗ್ರಿ ಸೆಲ್ಸಿಯಸ್ ಬಂದಿರಬೇಕು.

ಏಡಿ ತಿನ್ನದ ಗೆಳೆಯರಿಗೆ ಇಲ್ಲಿ ಜುಕೀನಿ, ಅಂದರೆ ಸೌತೆಕಾಯಿ ಹಾಗೆ ಕಾಣುವ ತರಕಾರಿ, ತುರಿದು ಓಲ್ಡ್ ಬೇ ಹಾಕಿ ಅದೇ ಆಕಾರದಲ್ಲಿ ಮಾಡುವ ರೂಢಿ ಇದೆ. ನಾನೂ ಮಾಡಿದೆ. ತುರಿಗೆ ಉಪ್ಪು ಹಚ್ಚಿ ಬಟ್ಟೆಯಲ್ಲಿ ಚೆನ್ನಾಗಿ ಹಿಂಡಬೇಕು, ಇಲ್ಲದಿದ್ದರೆ ಕೈಗೇ ಬರುವುದಿಲ್ಲ. ಅವತ್ತು ಮೊದಲು ಖಾಲಿಯಾದ ತಟ್ಟೆ ಅದೇ, ಸುಮ್ನೆ ಹೇಳುತ್ತಿಲ್ಲ.

ಬೇಸಿಗೆಯ ಕೊನೆಗೆ ಪಕ್ಕದ ಮನೆಯವರಿಗೆ ಒಂದು ಕೇಕ್ ಕೊಟ್ಟೆ, ಲಂಪ್ ಮತ್ತು ಕ್ಲಾ ಬೆರೆಸಿದ್ದು. ಫೋರ್ಕಿನಿಂದ ಮೆಲ್ಲಗೆ ಒತ್ತಿದರು, ಬಿಟ್ಟುಕೊಂಡಿತು. ಎರಡು ತುತ್ತು ತಿಂದರು. ಬಿಸ್ಕತ್ತು ಎಷ್ಟು ಹಾಕಿದೆ ಅಂತ ಕೇಳಿದರು.

ಹತ್ತು, ಅಂದೆ.

ಆರು ಸಾಕಿತ್ತು, ಅಂದರು. ಮೂರನೇ ತುತ್ತು ಬಾಯಿಗಿಟ್ಟರು.