‘ರಾ’ ಅಂತ ಬರೆದಿದ್ದ ಸಿಹಿಯನ್ನು ನಂಬಿ ನನಗಾದದ್ದು

ಹಸಿ ಆಹಾರದ ತರಗತಿಗೆ ಸೇರೋಣ ಅಂತಿರುವವರು, ಸೇರಿ ಆಗಲೇ ಅವರ ‘ರಾ’ (raw, ಅಂದರೆ ಹಸಿ) ಸಿಹಿಯ ಬಾಟಲಿ, ಪೊಟ್ಟಣ ತರಿಸಿಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ನಾಲ್ಕೇ ತಿಂಗಳಲ್ಲಿ ನನ್ನ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, 162ರಿಂದ 391ಕ್ಕೆ ಏರಿತು. ಇರಬೇಕಾದದ್ದು 150ರ ಒಳಗೆ. ಆ ನಾಲ್ಕು ತಿಂಗಳು ನಾನು ಸಕ್ಕರೆ ಡಬ್ಬಕ್ಕೆ ಕೈ ಹಾಕಿಲ್ಲ. ತಂಗಿ ಮಗಳ ಮದುವೆಯಲ್ಲೂ ಎಲೆಗೆ ಹೋಳಿಗೆ ಹಾಕಿಸಿಕೊಂಡಿಲ್ಲ.

ಕಳೆದ ವರ್ಷ ನನ್ನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.2 ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿದ್ದೀರಿ ಅಂದರು ಡಾಕ್ಟರು. ನಮ್ಮಮ್ಮ ಇದೇ ಕಾಯಿಲೆಯಲ್ಲಿ ಕಾಲಿನ ಎರಡು ಬೆರಳು ಕಳೆದುಕೊಂಡವರು. ಆ ಭಯದಲ್ಲೇ ಮೈಸೂರಿನಲ್ಲಿ ನಡೆಯುವ ಒಂದು ತರಗತಿಗೆ ಸೇರಿದೆ. 42ರಿಂದ 48 ಡಿಗ್ರಿ ದಾಟಿ ಬಿಸಿ ಕಂಡ ಯಾವುದನ್ನೂ ತಿನ್ನಬಾರದು ಅನ್ನೋದು ಅಲ್ಲಿನ ನಿಯಮ. ಕೋಸಂಬರಿ, ಮೊಳಕೆಕಾಳು, ಸೌತೆಕಾಯಿ, ಹಣ್ಣು: ಇವುಗಳ ಬಗ್ಗೆ ಇವತ್ತಿಗೂ ನನ್ನ ತಕರಾರಿಲ್ಲ. ತಕರಾರು ಅವರು ಕೊಟ್ಟ ಸಿಹಿಯ ಪಟ್ಟಿಯದು. ‘ರಾ’ ಅಗಾವೆ ಸಿರಪ್ (ಒಂದು ಗಿಡದಿಂದ ಮಾಡುವ ಸಿಹಿ ಪಾಕ), ತೆಂಗಿನ ಸಕ್ಕರೆ, ‘ರಾ’ ಬೆಲ್ಲದ ಪುಡಿ, ‘ರಾ’ ಜೇನು, ಎಲ್ಲವನ್ನೂ ಅವರ ಹತ್ತಿರವೇ ಕೊಳ್ಳಬೇಕು. “ಇದು ಜೀವ ಇರೋ ಸಿಹಿ ಮೇಡಂ, ಎಷ್ಟು ಬೇಕಾದ್ರೂ ಹಾಕ್ಕೊಳ್ಳಿ, ಶುಗರ್ ಏರಲ್ಲ” ಅಂದರು.

ಶುಗರ್ ಏರಲಿಲ್ಲ, ಅದು ನಿಜ. ನಾನು ಮೋಸಹೋದದ್ದೂ ಅಲ್ಲೇ. ದಿನಾ ಬೆಳಿಗ್ಗೆ ಬೆರಳು ಚುಚ್ಚಿ ನೋಡುತ್ತಿದ್ದೆ: 104, 101, 98. ಆ ಅಂಕಿ ನೋಡಿದ ಧೈರ್ಯಕ್ಕೆ ಸ್ಮೂದಿಗೆ ಎರಡು ದೊಡ್ಡ ಚಮಚ ಅಗಾವೆ ಸಿರಪ್, ನಿಂಬೆ ನೀರಿಗೆ ಒಂದು, ಸಂಜೆಯ ಬಾದಾಮಿ ಉಂಡೆಗೆ ಎರಡು. ಅಗಾವೆ ಸಿರಪ್ಪಿನ ಒಂದು ದೊಡ್ಡ ಚಮಚ ಅಂದರೆ ಸುಮಾರು 20 ಗ್ರಾಂ, ಅದರಲ್ಲಿ ಮುಕ್ಕಾಲು ಪಾಲು ಸಕ್ಕರೆ. ಐದು ಚಮಚಕ್ಕೆ 75 ಗ್ರಾಂ ಆಯಿತು. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಜೇನು, ಸಿರಪ್ಪುಗಳೂ ಆ ಲೆಕ್ಕದೊಳಗೇ ಬರುತ್ತವೆ.

ನಾಲ್ಕು ತಿಂಗಳ ನಂತರದ ರಕ್ತಪರೀಕ್ಷೆಯ ರಿಪೋರ್ಟ್ ನೋಡಿದ ಡಾಕ್ಟರು ಬಾಟಲಿ ತನ್ನಿ ಅಂದರು. ತಂದು ತೋರಿಸಿದೆ. “ಇದರಲ್ಲಿ ಹೆಚ್ಚಿರೋದು ಫ್ರಕ್ಟೋಸ್ ಅನ್ನೋ ಸಕ್ಕರೆ ಅಮ್ಮಾ. ನಿಮ್ಮ ಮೆಷಿನ್ ಅಳೆಯೋದು ಗ್ಲೂಕೋಸನ್ನ. ಫ್ರಕ್ಟೋಸ್ ಅದಕ್ಕೆ ಕಾಣೋದೇ ಇಲ್ಲ” ಅಂದರು. ಫ್ರಕ್ಟೋಸಿನ ಬಹುಪಾಲನ್ನು ಪಿತ್ತಜನಕಾಂಗವೇ ಅರಗಿಸಬೇಕು, ಮಿತಿ ಮೀರಿದರೆ ಅದನ್ನು ಕೊಬ್ಬು ಮಾಡಿಬಿಡುತ್ತದೆ. ಯೂರಿಕ್ ಆಮ್ಲವೂ ಏರುತ್ತದೆ, ನನ್ನದು ಏರಿತ್ತು. ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್ ಬಂತು.

ಅಗಾವೆ ಅಂದರೆ ನಮ್ಮೂರ ಬೇಲಿಯ ಕತ್ತಾಳೆ ಜಾತಿಯದೇ ಗಿಡ. ಸಿರಪ್ಪಿಗೆ ಬಳಸುವುದು ಮೆಕ್ಸಿಕೋದಲ್ಲಿ ಬೆಳೆಯುವ ಬಗೆ. ಅದರ ಗಡ್ಡೆಯಲ್ಲಿರುವ ಇನುಲಿನ್ ಅನ್ನುವ ನಾರು ಒಡೆದರೇ ಆ ಸಿಹಿ ಹುಟ್ಟುವುದು. ಒಡೆಯಲು ಬೇಯಿಸಬೇಕು, ಇಲ್ಲವೇ ಕಿಣ್ವ ಹಾಕಬೇಕು. ಕಡಿಮೆ ಬಿಸಿಯಲ್ಲಿ ಕಿಣ್ವದಿಂದ ಮಾಡುತ್ತೇವೆ ಅನ್ನುವವರೂ ಇದ್ದಾರೆ. ಹಾಗೆ ಮಾಡಿದರೂ ಬಾಟಲಿಯೊಳಗಿರುವುದು ಅದೇ ಫ್ರಕ್ಟೋಸ್.

ಬೆಲ್ಲದ ವಿಷಯ ನನಗೆ ಹೆಚ್ಚು ನೋವು ಕೊಟ್ಟಿತು. ನಾನು ಹುಟ್ಟಿದ್ದು ಪಾಂಡವಪುರದ ಕಡೆ, ಬೆಲ್ಲ ಹೇಗಾಗುತ್ತೆ ಅಂತ ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ಆದರೂ ಪೊಟ್ಟಣದ ಮೇಲಿನ ಆ ಒಂದು ಪದಕ್ಕೆ ಬುದ್ಧಿ ಒಪ್ಪಿಸಿಬಿಟ್ಟಿದ್ದೆ. ಆಮೇಲೊಮ್ಮೆ ಊರಿಗೆ ಹೋದಾಗ ನನ್ನ ತಮ್ಮ ನನ್ನನ್ನು ಆಲೆಮನೆಗೆ ಕರೆದುಕೊಂಡು ಹೋದ. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. ಸುಣ್ಣ ಬಿತ್ತು, ಬೆಂಡೆಗಿಡದ ಲೋಳೆ ಬಿತ್ತು, ಮೇಲೆ ಬಂದ ಕೊಳೆನೊರೆಯನ್ನು ಜಾಲರಿಯಲ್ಲಿ ಬಳಿದು ಹಾಕಿದರು. ಪಾಕ ಬಂತಾ ಅಂತ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡಿದರು. ಆ ಹೊತ್ತಿಗೆ ಪಾಕದ ಬಿಸಿ 115 ಡಿಗ್ರಿ ಆಸುಪಾಸು. ತಮ್ಮನಿಗೆ ಪೊಟ್ಟಣದ ಮೇಲೆ ಬರೆದದ್ದನ್ನು ಹೇಳಿದೆ. “ಬೆಂಕಿ ಕಾಣ್ದೆ ಬೆಲ್ಲ ಆಯ್ತದಾ ಅಕ್ಕ? ಯಾರ್ ನಿಂಗಂಗ್ ಯೋಳ್ದೋರು?” ಅಂದ. ಸಕ್ಕರೆ ವ್ಯಾಪಾರದಲ್ಲಿ ‘ರಾ’ ಅಂದರೆ ಶುದ್ಧೀಕರಿಸದ್ದು ಅಂತ ಅರ್ಥ, ಬೇಯಿಸದ್ದು ಅಂತಲ್ಲ. ಆ ಎರಡು ಅರ್ಥಗಳ ನಡುವೆ ನಮ್ಮ ದುಡ್ಡು ಹೋಗುತ್ತಿದೆ.

ತೆಂಗಿನ ಸಕ್ಕರೆಯೂ ನೀರಾ ಕುದಿಸಿ ಮಾಡಿದ್ದೇ. ಮೇಪಲ್ ಸಿರಪ್ಪಿಗಂತೂ ಸುಮಾರು 40 ಲೀಟರ್ ಮರದ ರಸ ಕುದಿಸಿದರೆ ಒಂದು ಲೀಟರ್ ಸಿಗುವುದು. ಸ್ಟೀವಿಯಾ ಅನ್ನುವ ಸಿಹಿ ಎಲೆಯ ಗಿಡದ ಒಣ ಎಲೆಪುಡಿ ಹಸಿ ಅನ್ನಿಸಿಕೊಂಡೀತು. ಬಿಳಿ ಪುಡಿ ಮಾತ್ರ ಎಲೆಯಿಂದ ಬೇರ್ಪಡಿಸಿ ಶುದ್ಧೀಕರಿಸಿದ್ದು, ಕೆಲವು ಪೊಟ್ಟಣಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವ, ಪಿಷ್ಟದಿಂದ ಮಾಡಿದ ಪುಡಿ ಬೆರೆತಿರುತ್ತದೆ, ಅದು ಶುಗರ್ ಏರಿಸುತ್ತದೆ. ಹಿಂದಿನ ಸಣ್ಣಕ್ಷರ ಓದಿ.

ಜೇನಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಂಗಡಿಯ ಜೇನನ್ನು ಹರಳುಗಟ್ಟದಿರಲಿ, ಹುಳಿಯದಿರಲಿ ಅಂತ ಸಾಮಾನ್ಯವಾಗಿ ಬಿಸಿ ಮಾಡಿರುತ್ತಾರೆ. ಜೇನಿಗೆ ಸಕ್ಕರೆ ಪಾಕ ಬೆರೆಸುವುದನ್ನು ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಅನ್ನುವ ಸಂಸ್ಥೆ 2020ರ ಡಿಸೆಂಬರಿನಲ್ಲಿ ಬಯಲು ಮಾಡಿತು. ಇದೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ತರಗತಿಯ ಗುಂಪಿನಲ್ಲಿ ಬಂದ ಒಂದು ಸಂದೇಶ: ಎಂಟು ತಿಂಗಳ ಮಗುವಿಗೆ ದಿನಾ ‘ರಾ’ ಜೇನು ನೆಕ್ಕಿಸಿ ಅಂತ. ಒಂದು ವರ್ಷ ತುಂಬದ ಕೂಸಿಗೆ ಯಾವ ಜೇನೂ ಬೇಡ, ನಾಮಕರಣದ ಶಾಸ್ತ್ರಕ್ಕೂ ಬೇಡ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ತರಬಲ್ಲದು. ಮೈ ಸೋತು, ಉಸಿರಿಗೇ ತೊಂದರೆಯಾಗುತ್ತದೆ. ಬಿಸಿ ಮಾಡಿದ ಜೇನಿನಲ್ಲೂ ಆ ಕಣ ಉಳಿದಿರಬಹುದು. ಗುಂಪಿನಲ್ಲಿ ಇದನ್ನು ಬರೆದೆ, ಹತ್ತು ನಿಮಿಷದಲ್ಲಿ ನನ್ನನ್ನು ತೆಗೆದುಹಾಕಿದರು. ಆ ಮಗುವಿನ ತಾಯಿ ಓದಿದರೋ ಇಲ್ಲವೋ ಗೊತ್ತಿಲ್ಲ.

ಸಿರಪ್ ಬಿಟ್ಟು ಮೂರು ತಿಂಗಳಿಗೆ ನನ್ನ ಟ್ರೈಗ್ಲಿಸರೈಡ್ 204ಕ್ಕೆ ಇಳಿದಿದೆ. ಸ್ಕ್ಯಾನಿಂಗ್ ಇನ್ನೊಮ್ಮೆ ಮಾಡಿಸಬೇಕು. ಅದೇ ತರಗತಿಯ ಹೊಸ ತಂಡ ಮುಂದಿನ ತಿಂಗಳು ಶುರುವಾಗುತ್ತಂತೆ, ಪಟ್ಟಿಯಲ್ಲಿ ಅದೇ ಬಾಟಲಿ ಇದೆ. ಈಗಾಗಲೇ ಅದನ್ನು ಬಳಸುತ್ತಿದ್ದರೆ ಬೆರಳು ಚುಚ್ಚಿ ನೋಡಿ ಸುಮ್ಮನಾಗಬೇಡಿ. ಈ ವಾರವೇ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಲಿವರ್ ಪರೀಕ್ಷೆ ಮಾಡಿಸಿ, ಡಾಕ್ಟರ ಹತ್ತಿರ ಹೋಗುವಾಗ ಬಾಟಲಿಯನ್ನೂ ತೆಗೆದುಕೊಂಡು ಹೋಗಿ.