ಹಳೆಯ ದಾಖಲೆ ಕೊಠಡಿಯಲ್ಲಿ ಹನ್ನೊಂದು ದಿನ

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಅಚ್ಚುಕಟ್ಟಿನ ಭೂಕಂದಾಯವನ್ನು ಕುರಿತ ಎಂ.ಎ. ಕಿರುಪ್ರಬಂಧಕ್ಕಾಗಿ, ಕಳೆದ ಮಳೆಗಾಲದಲ್ಲಿ ಚಿಕ್ಕಮಗಳೂರಿನ ಸರ್ಕಾರಿ ಕಚೇರಿಯೊಂದರ ಹಳೆಯ ದಾಖಲೆ ಕೊಠಡಿಯಲ್ಲಿ ಹನ್ನೊಂದು ದಿನ ಕುಳಿತಿದ್ದೆ. ಕಚೇರಿ ಯಾವುದೆಂದು ಹೇಳುವುದಿಲ್ಲ.

ಮೊದಲ ಎರಡು ದಿನ ಅನುಮತಿಗೇ ಹೋದವು. ವಿಭಾಗದ ಮುಖ್ಯಸ್ಥರ ಪತ್ರದಲ್ಲಿ 'ಶೈಕ್ಷಣಿಕ ಉದ್ದೇಶಕ್ಕಾಗಿ' ಎಂಬ ಮಾತಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಮೂರನೆಯ ದಿನ ಒಳಗೆ ಬಿಟ್ಟರಾದರೂ, ಸೂಚಿ ರಿಜಿಸ್ಟರಿನಲ್ಲಿ ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕಿದ ನನಗೆ ಮಧ್ಯಾಹ್ನದವರೆಗೂ ಏನೂ ಸಿಗಲಿಲ್ಲ. 1947ರವರೆಗೆ ಇದು ಕಡೂರು ಜಿಲ್ಲೆಯಾಗಿತ್ತೆಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳೇ ನಾನು! ಕಟ್ಟುಗಳನ್ನು ಎತ್ತಿಕೊಡುವ ಹಿರಿಯರೊಬ್ಬರು, "ಕಡೂರು ಅಂತ ನೋಡಮ್ಮ. ಕೆರೆ ಹೆಸರಲ್ಲಿ ಇರಲ್ಲ, ಸಖರಾಯಪಟ್ಟಣ ಅಂತ ಇರುತ್ತೆ" ಎಂದರು. ಹತ್ತು ನಿಮಿಷದಲ್ಲಿ ಕೆಂಪು ಬಟ್ಟೆಯ ನಾಲ್ಕು ಕಟ್ಟುಗಳು ಮೇಜಿನ ಮೇಲಿದ್ದವು.

ಸಾಮಗ್ರಿ ನಿಜಕ್ಕೂ ಸಮೃದ್ಧವಾಗಿದೆ. ಜಮೀನನ್ನು ತರಿ (ನೀರಾವರಿ), ಖುಷ್ಕಿ (ಮಳೆಯಾಶ್ರಿತ), ಬಾಗಾಯ್ತು (ತೋಟ) ಎಂದು ವಿಂಗಡಿಸಿ, ಎಕರೆ-ಗುಂಟೆಗಳ ಎದುರಿಗೆ ರೂಪಾಯಿ, ಆಣೆ, ಪೈಗಳಲ್ಲಿ ಕಂದಾಯವನ್ನು ನಮೂದಿಸಿದ ಶಾನುಭೋಗರ ಬರಹ ಎಷ್ಟು ಸಣ್ಣದೋ ಅಷ್ಟೇ ಸ್ಪಷ್ಟ. ಒಂದು ಪುಟದ ಮೊತ್ತ ತಾಳೆಯಾಗದೆ ಅವರೇ ತಪ್ಪಿದ್ದಾರೆಂದು ಟಿಪ್ಪಣಿ ಬರೆದುಕೊಂಡಿದ್ದೆ. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಎಂಬುದನ್ನು ಮರೆತು ಹತ್ತಕ್ಕೊಂದರಂತೆ ದಶಕ ಏರಿಸಿದ್ದವಳು ನಾನೆಂಬುದು ಮರುದಿನ ತಿಳಿಯಿತು.

ಕೊರತೆಯಿರುವುದು ಕೊಠಡಿಯಲ್ಲಿ. ಓದಲು ಬೆಳಕು ಬರುವುದು ಒಂದೇ ಕಿಟಕಿಯಿಂದ. ಮಳೆ ಬಂದರೆ ಅದನ್ನು ಮುಚ್ಚಬೇಕು, ಮುಚ್ಚಿದರೆ ಅಕ್ಷರ ಕಾಣದು. ಥಂಡಿಗೆ ಅಂಟಿಕೊಂಡ ಹಾಳೆಗಳನ್ನು ಬಿಡಿಸುವ ಧೈರ್ಯ ನನಗಾಗಲಿಲ್ಲ, ಹಾಗಾಗಿ ಒಂದು ಕಟ್ಟಿನ ಅರ್ಧವನ್ನು ಓದದೆಯೇ ಮರಳಿಸಿದೆ. ಮೊಬೈಲಿನಲ್ಲಿ ಚಿತ್ರ ತೆಗೆಯುವಂತಿಲ್ಲವಾದ್ದರಿಂದ ಎಲ್ಲವನ್ನೂ ಪೆನ್ಸಿಲಿನಲ್ಲೇ ನಕಲು ಮಾಡಿಕೊಂಡೆ.

ಶಾಸನಗಳನ್ನು ಹುಡುಕುವವರು ಇಲ್ಲಿಗೆ ಬರಬೇಕಾಗಿಲ್ಲ, ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 6ನೆಯ ಸಂಪುಟವೇ ಕಡೂರು ಜಿಲ್ಲೆಯದು. ಮೈಸೂರು ಸಂಸ್ಥಾನದಲ್ಲಿ 1831ರಿಂದ 1881ರವರೆಗೆ ನಡೆದ ಬ್ರಿಟಿಷ್ ಕಮಿಷನರ್ ಆಡಳಿತದ ಪತ್ರವ್ಯವಹಾರವನ್ನು ಅರಸುವವರು ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸುವುದು ಲೇಸು. ಊರೂರಿನ ಕಂದಾಯದ ಲೆಕ್ಕ ಬೇಕಾದವರು ಮಾತ್ರ ಇಲ್ಲಿಗೆ ಬರಲಿ, ಅದೂ ಮಳೆಗಾಲ ಕಳೆದ ಮೇಲೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮಾರ್ಚ್ ತಿಂಗಳೊಳಗೆ ಇನ್ನೊಮ್ಮೆ ಹೋಗುವವಳಿದ್ದೇನೆ. ಆ ಹಿರಿಯರು ಆಗ ನಿವೃತ್ತರಾಗುತ್ತಾರಂತೆ.